ರಕ್ತ ನಿಂತಿದೆ, ಮಾತ್ರೆ ಬಿಡಬಹುದಾ?

ಪತ್ರ: ನನ್ನ ತಮ್ಮನಿಗೆ ಹತ್ತು ವರ್ಷದಿಂದ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು ಆಗುವ ಕಾಯಿಲೆ) ಇದೆ. ಈಗ ರಕ್ತ ಬೀಳುವುದು ನಿಂತಿದೆ ಅಂತ ಮಾತ್ರೆ ಬಿಟ್ಟಿದ್ದಾನೆ. ಇದು ಮುಂದೆ ಕ್ಯಾನ್ಸರ್ ಆಗುತ್ತೆ ಅಂತ ಯಾರೋ ಹೆದರಿಸಿದ್ದಾರೆ. ಮಂಡಕ್ಕಿ-ಮಿರ್ಚಿ ತಿಂದೇ ಹೀಗಾಯ್ತು ಅಂತ ಅಮ್ಮ ಬೈಯುತ್ತಾರೆ. ನಿಜವಾ?
— ಓದುಗರು, ವಿದ್ಯಾನಗರ, ದಾವಣಗೆರೆ

ಸಂಪಾದಕರ ಉತ್ತರ: ಮೊದಲು ಅಮ್ಮನಿಗೆ ಸಮಾಧಾನ ಹೇಳಿ. ಖಾರ ತಿಂದರೆ ಕೆಲವರಿಗೆ ಹೊಟ್ಟೆ ಕೆಡಬಹುದು, ಆದರೆ ಈ ರೋಗ ಮಿರ್ಚಿಯಿಂದ ಬರುವುದಲ್ಲ. ಕರುಳಲ್ಲಿರುವ ಬ್ಯಾಕ್ಟೀರಿಯಾಗಳನ್ನು ನಮ್ಮ ದೇಹ ಸಾಮಾನ್ಯವಾಗಿ ಸಹಿಸಿಕೊಳ್ಳುತ್ತದೆ. ಕೆಲವರಲ್ಲಿ ಆ ಸಹನೆ ತಪ್ಪಿಹೋಗುತ್ತದೆ, ರಕ್ಷಣೆಗೆ ಇರುವ ಕಣಗಳೇ ಕರುಳಿನ ಒಳಪದರದಲ್ಲಿ ಉರಿಯೂತ ಎಬ್ಬಿಸುತ್ತವೆ. ಇಂಥ ಕರುಳಿನ ಉರಿಯೂತದ ಕಾಯಿಲೆಗಳೊಂದಿಗೆ ನಂಟಿರುವ ವಂಶವಾಹಿ ಜಾಗಗಳೇ 200ಕ್ಕಿಂತ ಜಾಸ್ತಿ ಸಿಕ್ಕಿವೆ. ಯಾರದೋ ಒಬ್ಬರ ತಪ್ಪು ಅಂತ ಬೈಯುವುದರಲ್ಲಿ ಅರ್ಥವಿಲ್ಲ.

ಕ್ಯಾನ್ಸರ್ ಮಾತಿಗೆ ಬರೋಣ. ಕೊಲೈಟಿಸ್ ಇರುವವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಬರುವುದಿಲ್ಲ. ಆದರೆ ವರ್ಷಗಟ್ಟಲೆ ಉರಿಯೂತ ಇದ್ದರೆ ಅಪಾಯ ಏರುವುದು ನಿಜ. ಗಾಯ ಆಗುತ್ತಾ, ಮಾಯುತ್ತಾ ಇರುವಾಗ ಜೀವಕೋಶಗಳು ಮತ್ತೆ ಮತ್ತೆ ವಿಭಜನೆಯಾಗುತ್ತವೆ, ಡಿಎನ್‌ಎಗೆ ಪೆಟ್ಟು ಬೀಳುತ್ತದೆ. ಸಾಮಾನ್ಯ ಕರುಳು ಕ್ಯಾನ್ಸರಿನಲ್ಲಿ ಪಿ53 ಎಂಬ ಕಾವಲು ವಂಶವಾಹಿ ಕೆಡುವುದು ಕೊನೆಕೊನೆಗೆ. ಇಲ್ಲಿ ಅದು ಮೊದಲೇ ಕೆಡುತ್ತದೆ. ಗಡ್ಡೆಯಂತೆ ಎದ್ದು ಕಾಣದೆ, ಚಪ್ಪಟೆ ಜಾಗದಲ್ಲೇ ರೋಗ ಶುರುವಾಗಬಹುದು. ಹಾಗಾಗಿಯೇ ಅನುಭವಿ ಕಣ್ಣು ಬೇಕು, ಬಯಾಪ್ಸಿ (ಚೂರು ತೆಗೆದು ಮಾಡುವ ಪರೀಕ್ಷೆ) ಬೇಕು.

2004ರಲ್ಲಿ, ಕರುಳಿನಲ್ಲಿ ಉರಿಯೂತ ಮತ್ತು ಗಡ್ಡೆ ಬರಿಸಿದ ಇಲಿಗಳ ಮೇಲೆ ನಡೆದ ಒಂದು ಪ್ರಯೋಗ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಉರಿಯೂತದ ಸಂಕೇತ ಸಾಗಿಸುವ ಐಕೆಕೆ-ಬೀಟಾ ಅನ್ನುವ ಪ್ರೋಟೀನನ್ನು ಕರುಳಿನ ಒಳಪದರದ ಕೋಶಗಳಿಂದ ತೆಗೆದಾಗ ಉರಿಯೂತ ಇಳಿಯಲಿಲ್ಲ, ಆದರೂ ಗಡ್ಡೆಗಳ ಸಂಖ್ಯೆ ತೀರಾ ಕಡಿಮೆಯಾಯಿತು. ಅದನ್ನೇ ರಕ್ಷಣಾ ಕಣಗಳಿಂದ ತೆಗೆದಾಗ ಗಡ್ಡೆಗಳ ಗಾತ್ರ ಕುಗ್ಗಿತು. ಅಂದರೆ ಗಡ್ಡೆ ಹುಟ್ಟಿಸುವ ದಾರಿ ಬೇರೆ, ಬೆಳೆಸುವ ದಾರಿ ಬೇರೆ. ಇಲಿಯಲ್ಲಿ ಕಂಡದ್ದು ನಾಳೆಯೇ ಮಾತ್ರೆಯಾಗಿ ಕೈಗೆ ಬರುವುದಿಲ್ಲ ಅನ್ನಿ.

ನಿಮ್ಮ ತಮ್ಮನ ವಿಷಯದಲ್ಲಿ ನನಗೆ ಕಳವಳ ಇರುವುದು ಮಾತ್ರೆ ಬಿಟ್ಟಿರುವುದಕ್ಕೆ. ರಕ್ತ ನಿಂತರೂ ಒಳಗೆ ಉರಿಯೂತ ಇರಬಹುದು. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ (ಕರುಳಲ್ಲಿ ಉರಿಯೂತ ಇದ್ದರೆ ಹೆಚ್ಚಾಗುವ ಪ್ರೋಟೀನ್) ಪರೀಕ್ಷೆ ಮಾಡಿಸಿದರೆ ಸುಳಿವು ಸಿಗುತ್ತದೆ. ರೋಗಲಕ್ಷಣ ಶುರುವಾಗಿ 8 ವರ್ಷ ಆದ ಮೇಲೆ ಕ್ಯಾನ್ಸರ್ ತಪಾಸಣೆಗಾಗಿ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಮಾಡಿಸಬೇಕು. ಆಮೇಲೆ ಎಷ್ಟು ವರ್ಷಕ್ಕೊಮ್ಮೆ ಅನ್ನುವುದನ್ನು ಅಪಾಯ ನೋಡಿ ಡಾಕ್ಟರ್ ಹೇಳುತ್ತಾರೆ. ರೋಗ ಗುದನಾಳದಲ್ಲಷ್ಟೇ ಇದ್ದರೆ ಚಿಂತೆ ಕಡಿಮೆ. ಪಿತ್ತನಾಳದ ಪಿಎಸ್‌ಸಿ ಕಾಯಿಲೆಯೂ ಇದ್ದರೆ ವರ್ಷ ವರ್ಷ ನೋಡಿಸಬೇಕು. ಇದಕ್ಕೆ ಬೆಂಗಳೂರಿಗೇ ಓಡಬೇಕಿಲ್ಲ, ದಾವಣಗೆರೆಯಲ್ಲೇ ಕೊಲೊನೋಸ್ಕೋಪಿ ಆಗುತ್ತದೆ. ಈ ವಾರವೇ ಕರೆದುಕೊಂಡು ಹೋಗಿ. ಹಳೆಯ ಬಯಾಪ್ಸಿ ರಿಪೋರ್ಟುಗಳನ್ನೂ, ಮಾತ್ರೆ ಯಾವಾಗ ಬಿಟ್ಟ ಅನ್ನುವುದನ್ನೂ ಮರೆಯದೆ ಡಾಕ್ಟರಿಗೆ ತಿಳಿಸಿ.