ಗಂಡ ಹೆದರಿ ಕುಡಿತ ಬಿಡಲಿ ಅಂತ, ಡೈವೋರ್ಸ್ ಬದಲು ಜುಡಿಷಿಯಲ್ ಸಪರೇಷನ್ ಹಾಕಬಹುದಾ?

ಹೆದರಿಸೋಕೆ ಅಂತ ಕೋರ್ಟಿಗೆ ಹೋಗಬೇಡಿ. ನಾನು ಹಾಗೇ ಹೋದವಳು. ನೋಟಿಸ್ ಕೈಸೇರಿದ ದಿನ ನಮ್ಮ ಯಜಮಾನರು ದಿನಕ್ಕಿಂತ ಜಾಸ್ತಿಯೇ ಕುಡಿದು ಬಂದಿದ್ದರು.

ಸಪರೇಷನ್, ಅಂದ್ರೆ ಮದುವೆ ಮುರಿಯದೆ ಬೇರೆ ಇರೋಕೆ ಕೋರ್ಟ್ ಕೊಡೋ ಆದೇಶ, ಡೈವೋರ್ಸಿಗಿಂತ ಸಲೀಸು ಅಂತ ನನಗೂ ಹೇಳಿದ್ದರು. ಸುಳ್ಳು. ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 10ಕ್ಕೂ ಡೈವೋರ್ಸಿನ ಸೆಕ್ಷನ್ 13ರ ಕಾರಣಗಳೇ ಬೇಕು. (ನಿಮ್ಮದೂ ಇದೇ ಕಾಯ್ದೆಯ ಮದುವೆ ಅಂದ್ಕೊಂಡಿದ್ದೀನಿ.) ಕುಡಿತ ಆ ಪಟ್ಟಿಯಲ್ಲೇ ಇಲ್ಲ. ಕುಡಿದು ಹೊಡೆದದ್ದು, ಮಕ್ಕಳ ಮುಂದೆ ರಂಪ ಮಾಡಿದ್ದು ‘ಕ್ರೌರ್ಯ’ ಅಂತ ಸಾಬೀತಾಗಬೇಕು. ನನಗೆ ಸಪರೇಷನ್ ಡಿಕ್ರಿ (ಕೋರ್ಟಿನ ಆದೇಶ) ಸಿಕ್ಕಿದ್ದು ಸರ್ಕಾರಿ ಆಸ್ಪತ್ರೆಯ ಎಂಎಲ್‌ಸಿ ದಾಖಲೆ (ಹೊಡೆತದ ಗಾಯವನ್ನ ಪೊಲೀಸ್ ಕೇಸಿಗಾಗಿ ಡಾಕ್ಟರು ಬರೆದಿಡೋದು), ಠಾಣೆಯ ಹಿಂಬರಹ (ದೂರಿಗೆ ಪೊಲೀಸರು ಬರೆದುಕೊಡೋ ಉತ್ತರ) ಇವೆರಡರಿಂದ.

ಕೆಟ್ಟದ್ದು ಆಮೇಲೆ. ಡಿಕ್ರಿಯಾಗಿ ಒಂದು ವರ್ಷ ಇಬ್ಬರೂ ಮತ್ತೆ ಸಂಸಾರ ಮಾಡದಿದ್ದರೆ, ಸೆಕ್ಷನ್ 13(1ಎ) ಪ್ರಕಾರ ಅದೊಂದೇ ಆಧಾರದ ಮೇಲೆ ಡೈವೋರ್ಸ್ ಕೇಳಬಹುದು. ಕ್ರೌರ್ಯ ಮತ್ತೆ ಸಾಬೀತು ಮಾಡೋದು ಬೇಡ. ನನಗೆ ಹತ್ತು ತಿಂಗಳು ಕಳೆದಿತ್ತು. ಯಜಮಾನರು ಮದ್ಯವರ್ಜನ ಶಿಬಿರ ಮುಗಿಸಿ, ಅತ್ತೆಯನ್ನ ಕರ್ಕೊಂಡು ಬಂದು, ಮಂಜುನಾಥನ ಮೇಲೆ ಆಣೆ ಇಟ್ಟರು. ದೀಪಾವಳಿ ಬೇರೆ. ಒಳಗೆ ಕರೆದೆ. 19 ದಿನ ಗಂಡ-ಹೆಂಡತಿಯಾಗೇ ಇದ್ದೆವು, ಇಪ್ಪತ್ತನೇ ದಿನ ಮತ್ತೆ ಕುಡಿತ, ಏಟು. ಡೈವೋರ್ಸ್ ಹಾಕಿದಾಗ ಅವರ ವಕೀಲರು ತಕರಾರಿನಲ್ಲಿ ಬರೆದದ್ದು ಆ 19 ದಿನವನ್ನೇ. ಹಬ್ಬದ ಫೋಟೊ, ಪಕ್ಕದ ಮನೆಯವರ ಸಾಕ್ಷಿ. ವರ್ಷದ ಲೆಕ್ಕ ಅಲ್ಲಿಗೆ ಮುರೀತು. ವಿವಾಹ ಕಾಯ್ದೆಯ ಸೆಕ್ಷನ್ 23 ಹಿಡಿದು, ಹಳೇ ಕ್ರೌರ್ಯವನ್ನ ಇವಳೇ ಕ್ಷಮಿಸಿದ್ದಾಳೆ ಅಂತಲೂ ವಾದಿಸಿದರು. ಮತ್ತೆ ಹಿಂಸೆ ಕೊಟ್ಟರೆ ಆ ಕ್ಷಮೆ ನಿಲ್ಲಲ್ಲ ಅಂತ ಸುಪ್ರೀಂ ಕೋರ್ಟು 1975ರಲ್ಲೇ ಹೇಳಿದೆ. ಆದರೆ ಆ ರಾತ್ರಿಯ ಏಟಿಗೆ ನನ್ನ ಹತ್ತಿರ ಕಾಗದವೇ ಇರಲಿಲ್ಲ. ಅತ್ತೆ ಎದುರು ನಾಚಿಕೆಯಾಗಿ ಆಸ್ಪತ್ರೆಗೆ ಹೋಗಿರಲಿಲ್ಲ. ಎಲ್ಲ ಮೊದಲಿಂದ.

ಮದುವೆ ಉಳೀಬೇಕು, ಹೊಡೆತ ನಿಲ್ಲಬೇಕು ಅಂತಿದ್ದರೆ ನಿಮಗೆ ಬೇಕಿರೋದು 2005ರ ಕೌಟುಂಬಿಕ ಹಿಂಸೆ ಕಾಯ್ದೆ. ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಸಂರಕ್ಷಣಾಧಿಕಾರಿ, ವರದಿ ಬರೆಸಿ. ಸೆಕ್ಷನ್ 12ರ ಅರ್ಜಿ ಮ್ಯಾಜಿಸ್ಟ್ರೇಟ್ ಮುಂದೆ. ಮನೆ ನಿಮ್ಮ ಹೆಸರಲ್ಲಿ ಇಲ್ಲದಿದ್ದರೂ ಅಲ್ಲಿರೋ ಹಕ್ಕು ನಿಮ್ಮದು. ಸೆಕ್ಷನ್ 19ರಡಿ ಅವರನ್ನೇ ಹೊರಗಿರಿಸಿ ಅಂತ ಕೇಳಬಹುದು. ತುರ್ತಿದ್ದರೆ ಸೆಕ್ಷನ್ 23ರ ಮಧ್ಯಂತರ ಆದೇಶ ಕೇಳಿ. ಈ 23 ಬೇರೆ, ಮೇಲಿನದು ಬೇರೆ, ನಾನೂ ಗಲಿಬಿಲಿ ಆಗಿದ್ದೆ.

ಅವರೂ ಒಪ್ಪಿದರೆ ವಿವಾಹ ಕಾಯ್ದೆಯ 13ಬಿ ಇದೆ, ಇಬ್ಬರೂ ಸೇರಿ ಕೇಳೋ ಡೈವೋರ್ಸ್, ಒಂದು ವರ್ಷ ಬೇರೆ ಇದ್ದಿರಬೇಕು. ಕುಡಿಯೋರು ಒಪ್ಪಿ ಎರಡು ಸಲ ಕೋರ್ಟಿಗೆ ಬರೋದು ನಾನಂತೂ ನಂಬಲ್ಲ.

ವಕೀಲರ ಫೀಸಿಗೆ ಸಾಲ ಮಾಡಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಸಮಿತಿಯಿಂದ ಉಚಿತ. 15100ಕ್ಕೆ ಫೋನ್ ಮಾಡಿ. ಡಿಕ್ರಿ ಆದ ಮೇಲೆ ಅವರು ಶಿಬಿರದಿಂದ ಬಂದರೆ ನಾದಿನಿ ಮನೆಯಲ್ಲೇ ಮಾತಾಡಿಸಿ, ಕತ್ತಲಾಗೋ ಮುಂಚೆ ವಾಪಸ್ ಬನ್ನಿ.