ಟ್ರೊಪೋನಿನ್ ಜಾಸ್ತಿ ಬಂದರೆ ಹಾರ್ಟ್ ಅಟ್ಯಾಕ್ ಆಗಿದೆ ಅಂತಲೇ?

ಪ್ರಶ್ನೆ: ನಮ್ಮ ತಾಯಿಗೆ 79 ವರ್ಷ. ಬಿಪಿ, ಶುಗರ್ ಎರಡೂ ಹಳೆಯವು. ನ್ಯುಮೋನಿಯಾ ಆಗಿ ಆಸ್ಪತ್ರೆಗೆ ಸೇರಿಸಿದ್ದೇವೆ. ರಕ್ತ ಪರೀಕ್ಷೆಯಲ್ಲಿ ಟ್ರೊಪೋನಿನ್-ಟಿ 46 ಬಂತು. ಪಕ್ಕದಲ್ಲಿ ‘14ರ ಒಳಗಿರಬೇಕು’ ಅಂತ ಇತ್ತು. ಮೂರು ಗಂಟೆ ಬಿಟ್ಟು ನೋಡಿದಾಗ 48. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಕೂಡ ಜಾಸ್ತಿ, 1.7. ಎದೆನೋವು ಇಲ್ಲ, ಇಸಿಜಿಯಲ್ಲೂ ಹೊಸದೇನಿಲ್ಲ. ಡಾಕ್ಟರು ಹಾರ್ಟ್ ಅಟ್ಯಾಕ್ ಅಲ್ಲ ಅಂತಾರೆ. ನೆಂಟರು ಮಾತ್ರ ಆಂಜಿಯೋಗ್ರಾಂ ಮಾಡಿಸಿ ಅಂತ ಒಂದೇ ಸಮನೆ ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ನೀವು ಬರೆದಿರುವ ಅಂಕಿಗಳಲ್ಲಿ ಹೆದರಿಸುವುದು 46, ಧೈರ್ಯ ಕೊಡುವುದು 48.

ಹಾರ್ಟ್ ಅಟ್ಯಾಕ್ ಆದಾಗ ಟ್ರೊಪೋನಿನ್ ಒಂದೇ ಕಡೆ ನಿಲ್ಲುವುದಿಲ್ಲ. ಮೊದಲ ಗಂಟೆಗಳಲ್ಲಿ ಸರಸರ ಏರುತ್ತದೆ, ಆಮೇಲೆ ಕೆಲವು ದಿನ ಹಿಡಿದು ಇಳಿಯುತ್ತದೆ. ಎರಡೆರಡು ಸಲ ರಕ್ತ ತೆಗೆಯುವುದು ಅದಕ್ಕೇ. ಮೊದಲೇ ಜಾಸ್ತಿ ಇದ್ದವರಲ್ಲಿ ಎರಡನೇ ಸಲ ಶೇ 20ಕ್ಕಿಂತ ಕಡಿಮೆ ವ್ಯತ್ಯಾಸ ಬಂದರೆ, ಅದು ಹಳೆಯ ಏರಿಕೆ ಎಂದೇ ಸಾಮಾನ್ಯವಾಗಿ ಎಣಿಸುತ್ತೇವೆ. ನಿಮ್ಮ ತಾಯಿಯದು ಶೇ 5ರ ಒಳಗೇ ಇದೆ.

ಟ್ರೊಪೋನಿನ್ ಹೃದಯದ ಸ್ನಾಯುವಿನೊಳಗೆ ಇರುವ ಪ್ರೋಟೀನ್. ಸ್ನಾಯುವಿಗೆ ಪೆಟ್ಟು ಬಿದ್ದರೆ ರಕ್ತಕ್ಕೆ ಸೋರುತ್ತದೆ. ಪೆಟ್ಟು ಬಿದ್ದಿದೆ ಅನ್ನುವುದನ್ನಷ್ಟೇ ಅದು ಹೇಳುತ್ತದೆ, ಯಾಕೆ ಬಿತ್ತು ಅನ್ನುವುದನ್ನಲ್ಲ. ರಕ್ತನಾಳ ಕಟ್ಟಿಕೊಂಡರೂ ಏರುತ್ತದೆ. ಜೋರು ಸೋಂಕು, ರಕ್ತಹೀನತೆ, ಹೃದಯದ ಬಡಿತದ ಏರುಪೇರು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು, ಪಾರ್ಶ್ವವಾಯು, ಇವುಗಳಲ್ಲೂ ಏರುತ್ತದೆ. ಕಿಡ್ನಿ ಸೋತವರಲ್ಲಿ, ಹಾರ್ಟ್ ಫೇಲ್ಯೂರ್ ಇರುವವರಲ್ಲಿ ವರ್ಷಗಟ್ಟಲೆ ಏರಿಯೇ ಇರಬಹುದು.

ಆ 14 ಎಲ್ಲಿಂದ ಬಂತು ಅಂತಲೂ ತಿಳಿದಿರಲಿ. ಆರೋಗ್ಯವಂತರ ರಕ್ತ ನೋಡಿ, ನೂರರಲ್ಲಿ 99 ಜನ ಯಾವ ಗೆರೆಯ ಕೆಳಗಿದ್ದಾರೋ ಅದನ್ನು ಮಿತಿ ಮಾಡಿದ್ದಾರೆ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಎರಡೂ ಇರುವ 79ರ ಅಜ್ಜಿ ಅದನ್ನು ದಾಟುವುದು ಅಪರೂಪವೇನಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ ಆಸ್ಪತ್ರೆಯಲ್ಲಿ 20,000 ಜನರ ಟ್ರೊಪೋನಿನ್-ಐ (ಟ್ರೊಪೋನಿನ್‌ನ ಇನ್ನೊಂದು ಬಗೆ, ಇದರ ಮಿತಿಯೇ ಬೇರೆ) ನೋಡಿದರು. ಬಂದವರಿಗೆಲ್ಲ, ಯಾವ ಕಾಯಿಲೆಗೇ ಬಂದಿರಲಿ, ಪರೀಕ್ಷೆ ಮಾಡಿದರು. ಸುಮಾರು 20ರಲ್ಲಿ ಒಬ್ಬರಿಗೆ ಮಿತಿಗಿಂತ ಜಾಸ್ತಿ ಇತ್ತು. ಅವರಲ್ಲಿ ಹೆಚ್ಚಿನವರಿಗೆ ಹಾರ್ಟ್ ಅಟ್ಯಾಕ್ ಆಗಿರಬಹುದೆಂಬ ಅನುಮಾನವೇ ಡಾಕ್ಟರುಗಳಿಗೆ ಇರಲಿಲ್ಲ. ಪರೀಕ್ಷೆಯ ಕಿಟ್ ತಯಾರಿಸಿದ ಕಂಪನಿ ಕೊಟ್ಟ ಮಿತಿ 40. ಅಲ್ಲಿನ ನೂರರಲ್ಲಿ 99 ಜನರ ಗೆರೆ ನಿಂತಿದ್ದು 296ರಲ್ಲಿ! 2019ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ನಾನು ಮನೆಯವರಿಗೆ ಆಗಾಗ ಹೇಳುತ್ತಿರುತ್ತೇನೆ.

ಆದರೆ ‘ಎದೆನೋವು ಇಲ್ಲ’ ಅನ್ನುವ ಒಂದೇ ಮಾತನ್ನು ನಂಬಿ ಕೂರಬೇಡಿ. ವಯಸ್ಸಾದವರಲ್ಲಿ, ಅದರಲ್ಲೂ ಶುಗರ್ ಇರುವವರಲ್ಲಿ, ಹಾರ್ಟ್ ಅಟ್ಯಾಕ್ ನೋವಿಲ್ಲದೆ ಬರಬಹುದು. ಬರೀ ಉಬ್ಬಸ, ತಣ್ಣನೆ ಬೆವರು, ಇದ್ದಕ್ಕಿದ್ದಂತೆ ಸುಸ್ತು, ಮಾತಿನಲ್ಲಿ ಗೊಂದಲ. ಇವು ಕಂಡರೆ ತಕ್ಷಣ ನರ್ಸ್‌ಗೆ ಹೇಳಿ. ಇಸಿಜಿ, ಟ್ರೊಪೋನಿನ್ ಎರಡನ್ನೂ ಮತ್ತೆ ಮಾಡಬೇಕಾಗುತ್ತದೆ.

ಆಂಜಿಯೋಗ್ರಾಂ? ಈಗ ಬೇಡ ಅಂತಲೇ ನನಗೆ ಅನ್ನಿಸುತ್ತದೆ. ಕ್ರಿಯಾಟಿನಿನ್ 1.7 ಇರುವಾಗ, ಸೋಂಕು ಇನ್ನೂ ಇಳಿಯದಿರುವಾಗ, ಅದಕ್ಕೆಂದು ರಕ್ತನಾಳಕ್ಕೆ ಬಿಡುವ ಡೈ ಕಿಡ್ನಿಗೆ ಭಾರವಾಗಬಹುದು. ಸುಮ್ನೆ ಅನುಮಾನಕ್ಕೆ ರಕ್ತ ತೆಳು ಮಾಡುವ ಔಷಧಿ ಕೊಟ್ಟರೆ ಈ ವಯಸ್ಸಿನಲ್ಲಿ ರಕ್ತಸ್ರಾವದ ಭಯ. ಮೊದಲು ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ. ಹೃದಯದ ಯಾವ ಗೋಡೆಯಾದರೂ ಸರಿಯಾಗಿ ಬಡಿಯುತ್ತಿಲ್ಲ ಅಂತ ಬಂದರೆ ಆಗ ಹೃದಯ ತಜ್ಞರ ಜೊತೆ ಮತ್ತೆ ಮಾತಾಡಬಹುದು. ನೆಂಟರಿಗೆ ಇಷ್ಟೇ ಹೇಳಿ.

ಹಾಗಂತ 46 ಲೆಕ್ಕಕ್ಕಿಲ್ಲ ಅಂತಲ್ಲ. ಹೀಗೆ ಏರಿರುವವರಿಗೆ ಮುಂದೆ ಹೃದಯದ ತೊಂದರೆ ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ನ್ಯುಮೋನಿಯಾ ವಾಸಿಯಾಗಿ ಮನೆಗೆ ಬಂದ ಮೇಲೆ ಬಿಪಿ, ಶುಗರ್, ಹಿಮೋಗ್ಲೋಬಿನ್, ಕಿಡ್ನಿ ಎಲ್ಲವನ್ನೂ ಒಮ್ಮೆ ಕೂತು ನೋಡಿಸಿ. ಈ ರಿಪೋರ್ಟನ್ನು ಫೈಲಿನಲ್ಲಿಡಿ, ಫೋಟೊ ತೆಗೆದೂ ಇಟ್ಟುಕೊಳ್ಳಿ. ಮುಂದೆ ಯಾವತ್ತಾದರೂ ಎಮರ್ಜೆನ್ಸಿಗೆ ಹೋದರೆ, ಅಲ್ಲಿನ ಡಾಕ್ಟರಿಗೆ ಅವರ ಮಾಮೂಲಿ ಮಟ್ಟ ಎಷ್ಟು ಅಂತ ಗೊತ್ತಾಗುತ್ತದೆ. ಬೇರೆ ಲ್ಯಾಬಿನಲ್ಲಿ ‘ಐ’ ಮಾಡಿದ್ದರೆ ಈ ‘ಟಿ’ ಜೊತೆ ಹೋಲಿಸಬೇಡಿ. ಅಳತೆಯನ್ನೂ ನೋಡಿ: ಲೀಟರಿಗೆ 46 ನ್ಯಾನೋಗ್ರಾಂ ಅಂದರೂ ಮಿಲಿಲೀಟರಿಗೆ 0.046 ಅಂದರೂ ಒಂದೇ.