ತೆರಿಗೆ ಕಟ್ಟಿದವರಿಗೇ ಸಿಗದ ನಕ್ಷೆ

ಓದುಗರ ಪತ್ರ: ನಾನು ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸುತ್ತೇನೆ. ಶಾಲಾ ಮಕ್ಕಳು ಡಿಜಿಟಲ್ ನಕ್ಷೆ ಮಾಡಬೇಕು, ಸರ್ಕಾರಗಳು ತಮ್ಮ ನಕ್ಷೆಗಳ ದತ್ತಾಂಶವನ್ನು ಎಲ್ಲರಿಗೂ ತೆರೆದಿಡಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನನ್ನ ಮಕ್ಕಳಿಗೆ ಅಟ್ಲಾಸಿನಲ್ಲಿ ಅಕ್ಷಾಂಶ ಹುಡುಕಲು ಬರುವುದಿಲ್ಲ. ಮೊಬೈಲಿನ ನೀಲಿ ಚುಕ್ಕೆಯ ಹಿಂದೆ ಹೋಗುವುದಷ್ಟೇ ಗೊತ್ತು. ನಕ್ಷೆ ಬರೆಯುವುದು ತರಬೇತಿ ಪಡೆದವರ ಕೆಲಸವಲ್ಲವೇ? ಮಕ್ಕಳು ಮಾಡಿದ ತಪ್ಪನ್ನು ತಿದ್ದುವವರು ಯಾರು? ಎಲ್ಲವನ್ನೂ ತೆರೆದಿಟ್ಟರೆ ದುರುಪಯೋಗ ಆಗುವುದಿಲ್ಲವೇ? ಒಂದು ವೇಳೆ ಮಾಡುವುದಾದರೂ ಎಲ್ಲಿಂದ ಶುರು ಮಾಡಬೇಕು?

ಸಂಪಾದಕರ ಉತ್ತರ: ಮೇಡಂ, ಭೂಗೋಳವನ್ನು ಪರೀಕ್ಷೆಗೆ ಓದಿ ಮರೆತುಬಿಡುವ ವಿಷಯ ಎಂದುಕೊಂಡವರೇ ಹೆಚ್ಚು. ಮಕ್ಕಳಿಗೆ ಅಕ್ಷಾಂಶ ಬರುತ್ತಿಲ್ಲವಲ್ಲ ಎಂದು ಕೊರಗುವ ಶಿಕ್ಷಕಿಯ ಪತ್ರ ಅಪರೂಪಕ್ಕೆ ಸಿಕ್ಕಿದೆ. ಹಾಗಾಗಿ ಈ ಸಲ ಉಳಿದ ಪತ್ರಗಳನ್ನೆಲ್ಲ ಬದಿಗಿಟ್ಟು ನಿಮ್ಮೊಬ್ಬರಿಗೇ ಬರೆಯುತ್ತಿದ್ದೇನೆ. ಸ್ವಲ್ಪ ಜಗಳವನ್ನೂ ಆಡುತ್ತೇನೆ, ಬೇಸರಿಸಬೇಡಿ.

ನೀಲಿ ಚುಕ್ಕೆಯ ವಿಷಯದಲ್ಲಿ ನಿಮ್ಮ ಮಾತು ಸರಿ. ಫೋನು ಹೇಳಿದ ಕಡೆ ತಿರುಗುವವರಿಗೆ ದಿಕ್ಕು ಯಾವುದು ಎಂದು ಯೋಚಿಸುವ ಅಗತ್ಯವೇ ಬೀಳುವುದಿಲ್ಲ. ಆದರೆ ಅದು ಇನ್ನೊಬ್ಬರ ನಕ್ಷೆಯನ್ನು ಹಿಂಬಾಲಿಸುವುದು. ನಾನು ಕೇಳಿದ್ದು ಮಕ್ಕಳೇ ನಕ್ಷೆ ಮಾಡಲಿ ಎಂದು. ಒಂದು ನೀರಿನ ನಲ್ಲಿಯನ್ನು ನಕ್ಷೆಯ ಮೇಲೆ ಸರಿಯಾದ ಜಾಗದಲ್ಲಿ ಕೂರಿಸಲು ಹೊರಟ ಹುಡುಗಿಗೆ ಅಕ್ಷಾಂಶವನ್ನು ಯಾರೂ ಬಾಯಿಪಾಠ ಮಾಡಿಸಬೇಕಿಲ್ಲ. ಡಿಗ್ರಿಯಲ್ಲಿ ಬರೆದ ಅಕ್ಷಾಂಶದಲ್ಲಿ ದಶಮಾಂಶದ ಐದನೇ ಸ್ಥಾನದಲ್ಲಿ ಒಂದಂಕಿ ತಪ್ಪಿದರೆ ನಲ್ಲಿ ಸುಮಾರು ಒಂದು ಮೀಟರ್ ಸರಿಯುತ್ತದೆ, ಎರಡನೇ ಸ್ಥಾನದಲ್ಲಿ ತಪ್ಪಿದರೆ ಒಂದು ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ ನಿಲ್ಲುತ್ತದೆ. ಇದನ್ನು ತಾನೇ ಕಂಡ ಮಗು ಮರೆಯುವುದಿಲ್ಲ. ಅಟ್ಲಾಸಿಗೂ ಇದೇ ಮಾತು. ಧ್ರುವಗಳತ್ತ ಹೋದಂತೆ ನೆಲವನ್ನು ಹಿಗ್ಗಿಸಿ ತೋರಿಸುವ ಮರ್ಕೇಟರ್ ನಕ್ಷೆಯನ್ನು ಗೋಡೆಗೆ ತೂಗುಹಾಕಿದರೆ ಅದರಲ್ಲಿ ಗ್ರೀನ್‌ಲ್ಯಾಂಡು ಹೆಚ್ಚುಕಡಿಮೆ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದರ ಸುಮಾರು 14 ಪಟ್ಟು. ಉಚಿತವಾಗಿ ಸಿಗುವ ಕ್ಯೂಜಿಐಎಸ್ ಎಂಬ ನಕ್ಷೆ ಮಾಡುವ ತಂತ್ರಾಂಶದಲ್ಲಿ ನಕ್ಷೆಯ ಪ್ರಕ್ಷೇಪವನ್ನು, ಅಂದರೆ ದುಂಡನೆಯ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಬಗೆಯನ್ನು, ಬದಲಿಸಿದರೆ ಮಕ್ಕಳ ಕಣ್ಣೆದುರೇ ಗ್ರೀನ್‌ಲ್ಯಾಂಡು ಕುಗ್ಗುತ್ತದೆ. ಅಚ್ಚಾದ ಹಾಳೆಯಲ್ಲಿ ನೀವು ಗಂಟಲು ಒಣಗುವವರೆಗೆ ವಿವರಿಸಬೇಕಾದ ಪಾಠ ಅದು.

ಇನ್ನು ದುರುಪಯೋಗ. ಅಪಾಯವೇ ಇಲ್ಲ ಎಂದು ನಾನು ಹೇಳುವುದಿಲ್ಲ. 2018ರ ಜನವರಿಯಲ್ಲಿ ಸ್ಟ್ರಾವಾ ಎಂಬ ವ್ಯಾಯಾಮದ ಆ್ಯಪ್ ಪ್ರಕಟಿಸಿದ್ದ ನಕ್ಷೆಯಲ್ಲಿ, ಸೈನಿಕರು ಓಡಾಡಿದ ಜಾಡಿನಿಂದ ಮರುಭೂಮಿಯ ನಡುವಿನ ಸೇನಾ ನೆಲೆಗಳ ರೂಪರೇಖೆಯೇ ಹೊಳೆದು ಕಂಡಿತು. ಅದನ್ನು ಗುರುತಿಸಿದವನು ಒಬ್ಬ ವಿದ್ಯಾರ್ಥಿ. ಮನುಷ್ಯರ ಓಡಾಟ, ಮನೆಯ ಹೆಸರು, ಮಗುವಿನ ದಾರಿ ಇವು ಗುಟ್ಟಾಗಿಯೇ ಇರಬೇಕು, ಒಪ್ಪಿದೆ. ಆದರೆ ಸ್ಟ್ರಾವಾದ ನಕ್ಷೆ ಖಾಸಗಿ ಕಂಪನಿಯದು, ಯಾವ ಸರ್ಕಾರವೂ ತೆರೆದಿಟ್ಟ ದತ್ತಾಂಶವಲ್ಲ. ರಸ್ತೆ, ಕೆರೆ, ಚರಂಡಿ, ಶಾಲೆಗಳನ್ನು ಬಚ್ಚಿಟ್ಟರೆ ಯಾರಿಗೆ ರಕ್ಷಣೆ? ಸೋವಿಯತ್ ಒಕ್ಕೂಟ ತನ್ನ ಜನರಿಗೆ ಕೊಡುತ್ತಿದ್ದ ನಕ್ಷೆಗಳಲ್ಲಿ ದಶಕಗಳ ಕಾಲ ರಸ್ತೆ, ನದಿಗಳ ಜಾಗವನ್ನೇ ಬೇಕೆಂದು ತಿರುಚುತ್ತಿತ್ತು; 1988ರಲ್ಲಿ ಅಲ್ಲಿನ ನಕ್ಷಾ ಇಲಾಖೆಯ ಮುಖ್ಯಸ್ಥರೇ ಅದನ್ನು ಒಪ್ಪಿಕೊಂಡರು. ಯಾವ ಶತ್ರುವಿಗೆ ಹೆದರಿ ತಿರುಚಿದರೋ ಅವನ ಬಳಿ ಅಷ್ಟರಲ್ಲಾಗಲೇ ಉಪಗ್ರಹಗಳಿದ್ದವು. ದಾರಿ ತಪ್ಪಿದವರು ಸೋವಿಯತ್ ಪ್ರಜೆಗಳು.

ತೆರೆದಿಡುವುದರ ಲಾಭ ಕಾಣಬೇಕಾದರೆ 1854ರ ಲಂಡನ್ನಿನ ಕಾಲರಾ ಕಥೆ ಓದಿ. ಜಾನ್ ಸ್ನೋ ಎಂಬ ವೈದ್ಯ ಸತ್ತವರನ್ನು ನಕ್ಷೆಯ ಮೇಲೆ ಗುರುತಿಸಿ ಬ್ರಾಡ್ ಸ್ಟ್ರೀಟಿನ ಪಂಪೇ ಮೂಲ ಎಂದು ತೋರಿಸಿದ್ದು ನಿಮಗೆ ಗೊತ್ತಿರುತ್ತದೆ. ಆ ಸಾವುಗಳ ಪಟ್ಟಿ ಅವನಿಗೆ ಸಿಕ್ಕಿದ್ದೆಲ್ಲಿ ಎಂಬುದನ್ನು ಯಾರೂ ಕೇಳುವುದಿಲ್ಲ. ಜನನ–ಮರಣ ನೋಂದಣಿಯ ಸರ್ಕಾರಿ ಕಚೇರಿಯಲ್ಲಿ. ಅಲ್ಲಿ ಅಂಕಿಅಂಶ ನೋಡಿಕೊಳ್ಳುತ್ತಿದ್ದ ವಿಲಿಯಂ ಫಾರ್ ಆಗ ಕಾಲರಾ ಕೆಟ್ಟ ಗಾಳಿಯಿಂದ ಹರಡುತ್ತದೆಂದು ನಂಬಿದ್ದವರು, ಸ್ನೋನ ವಾದವನ್ನು ಒಪ್ಪದವರು. ಆದರೂ ಆ ಕಚೇರಿಯ ಪಟ್ಟಿ ಸ್ನೋನ ಕೈಗೆ ಬಂತು. 1866ರಲ್ಲಿ ಮತ್ತೆ ಕಾಲರಾ ಬಂದಾಗ ಅದೇ ಫಾರ್, ನೀರೇ ಕಾರಣ ಎಂದು ಒಪ್ಪಿ ಅಂಕಿಅಂಶ ಮುಂದಿಟ್ಟರು. ಸ್ನೋ ತೀರಿಕೊಂಡು ಆಗ ಎಂಟು ವರ್ಷವಾಗಿತ್ತು. ತನ್ನ ಅಭಿಪ್ರಾಯವನ್ನು ಸುಳ್ಳು ಮಾಡಬಲ್ಲವನಿಗೂ ದತ್ತಾಂಶ ಕೊಡುವ ಕಚೇರಿ ಎಂದರೆ ನನಗೆ ಅದು.

ಹತ್ತಿರದ ಕಾಲದ್ದು ಬೇಕೆಂದರೆ ಲ್ಯಾಂಡ್‌ಸ್ಯಾಟ್ ಇದೆ. ಅಮೆರಿಕ 1972ರಿಂದ ಹಾರಿಸುತ್ತ ಬಂದ ಈ ಉಪಗ್ರಹಗಳ ಚಿತ್ರಗಳನ್ನು ಹಿಂದೆ ಮಾರಲಾಗುತ್ತಿತ್ತು. ಒಂದು ಚಿತ್ರಕ್ಕೆ 600 ಡಾಲರ್ ಇದ್ದ ಕಾಲದಲ್ಲಿ, ಅತಿ ಹೆಚ್ಚು ಮಾರಾಟವಾದ ವರ್ಷವೂ ಹೋಗಿದ್ದು ಸುಮಾರು 25 ಸಾವಿರ ಚಿತ್ರ. 2008ರಲ್ಲಿ ಎಲ್ಲವನ್ನೂ ಉಚಿತ ಮಾಡಿದರು. ಮರುವರ್ಷದೊಳಗೆ ಜನ ಇಳಿಸಿಕೊಂಡ ಚಿತ್ರಗಳ ಸಂಖ್ಯೆ ಹತ್ತು ಲಕ್ಷ ಮುಟ್ಟಿತು. 2013ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ತಂಡವೊಂದು ಆರೂವರೆ ಲಕ್ಷಕ್ಕೂ ಹೆಚ್ಚು ಚಿತ್ರ ಬಳಸಿ ಇಡೀ ಜಗತ್ತಿನ ಕಾಡು ಎಲ್ಲಿ ಕರಗಿತು, ಎಲ್ಲಿ ಚಿಗುರಿತು ಎಂಬ ನಕ್ಷೆ ಪ್ರಕಟಿಸಿತು. ಚಿತ್ರಕ್ಕೆ 600 ಡಾಲರಿನಂತೆ ಲೆಕ್ಕ ಹಾಕಿ ನೋಡಿ, ಮೇಡಂ. ಆ ನಕ್ಷೆ ಹುಟ್ಟುತ್ತಲೇ ಇರಲಿಲ್ಲ.

‘ತರಬೇತಿ ಪಡೆದವರ ಕೆಲಸ’ ಎಂದಿದ್ದೀರಿ. ನಿಮ್ಮ ಪತ್ರದಲ್ಲಿ ನನಗೆ ಚುಚ್ಚಿದ ಮಾತು ಅದೊಂದೇ. ತರಬೇತಿ ಪಡೆದವರು ಯಾವ ಜಾಗಕ್ಕೆ ಹೋಗುತ್ತಾರೆ, ಯಾವುದನ್ನು ಬಿಡುತ್ತಾರೆ ಎಂಬುದನ್ನು ನೋಡಿ. ಕೆನ್ಯಾದ ನೈರೋಬಿಯಲ್ಲಿರುವ ಕಿಬೇರಾ ಲಕ್ಷಾಂತರ ಜನ ಕಿಕ್ಕಿರಿದು ಬದುಕುವ ಬಡಾವಣೆ. 2009ರಲ್ಲಿ ಅಲ್ಲಿನ ಯುವಕ ಯುವತಿಯರೇ ಜಿಪಿಎಸ್ ಹಿಡಿದು ಓಣಿಓಣಿ ಸುತ್ತಿ ಗುರುತು ಹಾಕುವವರೆಗೆ ಅದು ನಕ್ಷೆಯಲ್ಲಿ ಹೆಚ್ಚುಕಡಿಮೆ ಖಾಲಿ ಜಾಗವಾಗಿತ್ತು. ಶೌಚಾಲಯ, ಚಿಕಿತ್ಸಾಲಯ, ನೀರು ಸಿಗುವ ಜಾಗ, ಶಾಲೆ ಎಲ್ಲ ಅವರ ನಕ್ಷೆಗೆ ಬಂದವು. ಮರುವರ್ಷ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾದಾಗ ಜಗತ್ತಿನ ನಾನಾ ಕಡೆಯ ನೂರಾರು ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿ ರಾಜಧಾನಿಯ ರಸ್ತೆಗಳನ್ನು, ಯಾರು ಬೇಕಾದರೂ ಸೇರಿಸಿ ತಿದ್ದಬಲ್ಲ ಅಂತರ್ಜಾಲದ ಉಚಿತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಗೆರೆ ಎಳೆದು ತುಂಬಿದರು. ರಕ್ಷಣಾ ತಂಡಗಳು ಅದೇ ನಕ್ಷೆ ಹಿಡಿದು ಓಡಾಡಿದವು. ತಾಂಜಾನಿಯಾದ ದಾರ್ ಎಸ್ ಸಲಾಮಿನಲ್ಲಿ 2015ರಿಂದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸ್ಥಳೀಯರ ಜೊತೆ ಸೇರಿ, ಪ್ರವಾಹಕ್ಕೆ ಸಿಲುಕುವ ವಾರ್ಡುಗಳ ಚರಂಡಿ, ಕಟ್ಟಡ, ಹಾದಿಗಳನ್ನು ನಕ್ಷೆಗೆ ತಂದರು. ನೀರು ಮೊಣಕಾಲಿಗೆ ಬರುತ್ತದೋ ಸೊಂಟಕ್ಕೋ ಎಂಬುದು ಅಲ್ಲಿ ಮಳೆಗಾಲ ಕಳೆದವರಿಗೆ ಗೊತ್ತು. ಅದು ಆಕಾಶದಿಂದ ಕಾಣುವುದಿಲ್ಲ.

ತಪ್ಪು ತಿದ್ದುವವರು ಯಾರು ಎಂದು ಕೇಳಿದ್ದೀರಿ. ಮುಂದೆ ಬರುವವರು. 2004ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಯಾವ ಖಾತೆಯಿಂದ, ಯಾವಾಗ, ಏನು ಬದಲಾಯಿತು ಎಂಬುದೆಲ್ಲ ದಾಖಲಾಗುತ್ತದೆ. ತಪ್ಪಾದರೆ ಹಿಂದಿನ ಸ್ಥಿತಿಗೆ ತರಬಹುದು. ಅಚ್ಚಾದ ಅಧಿಕೃತ ನಕ್ಷೆಯ ತಪ್ಪು ಮುಂದಿನ ಸರ್ವೆಯವರೆಗೆ ಹಾಗೇ ಕೂತಿರುತ್ತದೆ, ಅದನ್ನು ಯಾರಿಗೆ ಹೇಳಬೇಕೆಂದೂ ತಿಳಿಯುವುದಿಲ್ಲ.

ಈಗ ನನ್ನ ಹೊಟ್ಟೆಯುರಿಯ ಮಾತು ಬರಲಿ. ಜನರ ಹಣದಿಂದ ಅಳೆದ ನೆಲದ ಮಾಹಿತಿಯನ್ನು ಜನರಿಗೇ ಮಾರುವುದು, ಇಲ್ಲವೇ ಬೀರುವಿನಲ್ಲಿಡುವುದು ಎಷ್ಟೋ ಸರ್ಕಾರಗಳಿಗೆ ಇನ್ನೂ ಸಹಜ ಅನ್ನಿಸುತ್ತದೆ. ಡೆನ್ಮಾರ್ಕ್ 2002ರಲ್ಲಿ ತನ್ನ ವಿಳಾಸಗಳ ದತ್ತಾಂಶವನ್ನು ಉಚಿತ ಮಾಡಿತು. 2005ರಿಂದ 2009ರವರೆಗೆ ಅದರಿಂದಾದ ನೇರ ಲಾಭ ಸುಮಾರು 6.2 ಕೋಟಿ ಯೂರೋ, ತಗಲಿದ ಖರ್ಚು ಸುಮಾರು 20 ಲಕ್ಷ ಯೂರೋ ಎಂದು ಆಮೇಲೆ ಲೆಕ್ಕ ಸಿಕ್ಕಿತು. ಬ್ರಿಟನ್ನಿನ ಸರ್ಕಾರಿ ನಕ್ಷಾ ಸಂಸ್ಥೆ ಆರ್ಡ್‌ನನ್ಸ್ ಸರ್ವೆ 2010ರಲ್ಲಿ ಹಲವು ನಕ್ಷೆಗಳನ್ನು ಉಚಿತವಾಗಿ ಬಿಟ್ಟುಕೊಟ್ಟಿತು. ಭಾರತವೂ 2021ರ ಫೆಬ್ರವರಿಯಲ್ಲಿ ನಿಯಮ ಸಡಿಲಿಸಿ, ಭಾರತೀಯರು ನಕ್ಷೆ ಮಾಡಲು ಮುಂಗಡ ಅನುಮತಿ ಬೇಡ ಎಂದಿತು. ನೀತಿಗಳು ಬರುತ್ತಿವೆ, ನಿಜ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ. ಪ್ರವಾಹದ ಲೇಖನವೊಂದಕ್ಕಾಗಿ ನಾವು ಒಂದು ಕಚೇರಿಗೆ ನಕ್ಷೆ ಕೇಳಿದಾಗ ಬಂದದ್ದು ಓರೆಯಾಗಿ ಸ್ಕ್ಯಾನ್ ಮಾಡಿದ, ಮುದ್ರೆ ಬಿದ್ದು ಅರ್ಧ ಅಳಿಸಿದ ಒಂದು ಪಿಡಿಎಫ್. ಅದರಲ್ಲಿ ಅಳೆಯಲು, ಹುಡುಕಲು, ಇನ್ನೊಂದು ನಕ್ಷೆಯ ಮೇಲೆ ಪದರವಾಗಿ ಕೂರಿಸಲು ಏನೂ ಬರುವುದಿಲ್ಲ. ಶಾಲೆಗಳ ಗತಿ ಇನ್ನೂ ಕಷ್ಟ. ಕಟ್ಟಡದ ಫೋಟೊ, ಜಿಪಿಎಸ್ ಗುರುತು, ಕೊಠಡಿ, ಶೌಚಾಲಯದ ಲೆಕ್ಕವನ್ನೆಲ್ಲ ಶಿಕ್ಷಕರೇ ಕೂತು ತುಂಬಿ ಮೇಲಕ್ಕೆ ಕಳಿಸುತ್ತಾರೆ. ಅದು ಒಂದು ಬಳಸಬಲ್ಲ ನಕ್ಷೆಯಾಗಿ ಮರಳಿ ತರಗತಿಗೆ ಬಂದದ್ದನ್ನು ನೀವು ಕಂಡಿದ್ದೀರಾ? ಮಕ್ಕಳು ಎಷ್ಟು ದೂರದಿಂದ ನಡೆದು ಬರುತ್ತಾರೆ, ಯಾವ ದಾರಿ ದಾಟುತ್ತಾರೆ ಎಂದು ತಿಳಿಯಬೇಕಾದವರು ನೀವು. ಕೊಟ್ಟವರೂ ನೀವೇ, ಕೇಳಬೇಕಾದವರೂ ನೀವೇ.

ಶುರು ಎಲ್ಲಿಂದ ಎಂಬ ಪ್ರಶ್ನೆಗೆ ಬರುತ್ತೇನೆ. ಕಂಪ್ಯೂಟರ್ ಲ್ಯಾಬಿಗೆ ಕಾಯಬೇಡಿ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಶಾಲೆಯ ಸುತ್ತಣ ಅರ್ಧ ಕಿಲೋಮೀಟರನ್ನು ಹಾಳೆಯ ಮೇಲೆ ಮುದ್ರಿಸಿ, ನಾಲ್ಕೈದು ಮಕ್ಕಳ ಗುಂಪಿಗೆ ಒಂದರಂತೆ ಕೊಟ್ಟು ನಡೆದಾಡಲು ಕರೆದುಕೊಂಡು ಹೋಗಿ. ಒಂದೇ ವಿಷಯ ಹಿಡಿಯಿರಿ: ಮಳೆ ನೀರು ನಿಲ್ಲುವ ಜಾಗ, ಅಥವಾ ಗಾಲಿಕುರ್ಚಿ ದಾಟಲಾಗದ ಮೆಟ್ಟಿಲು. ಪೆನ್ಸಿಲಿನಲ್ಲಿ ಗುರುತು ಹಾಕಲಿ, ಪಕ್ಕದಲ್ಲಿ ತಾರೀಖು ಬರೆಯಲಿ. ಯಾರ ಮನೆಯ ಹೆಸರೂ ಬೇಡ, ಯಾರ ಮುಖದ ಫೋಟೊ ಕೂಡ ಬೇಡ. ಮರಳಿ ಬಂದು ಎರಡು ಗುಂಪುಗಳ ಹಾಳೆ ಪಕ್ಕಪಕ್ಕ ಇಡಿಸಿ. ಎಲ್ಲಿ ಹೊಂದುವುದಿಲ್ಲವೋ ಅಲ್ಲಿಗೆ ಇನ್ನೊಮ್ಮೆ ಹೋಗಿ ನೋಡಲಿ. ಮೆಟ್ಟಿಲು, ದಾರಿಯಂಥ ಸ್ಥಿರವಾದ ಸಂಗತಿಗಳನ್ನು ಆಮೇಲೆ ನೀವೇ ಒಂದು ಖಾತೆ ತೆರೆದು ಓಪನ್‌ಸ್ಟ್ರೀಟ್‌ಮ್ಯಾಪಿಗೆ ಸೇರಿಸಿ. ನೀರು ನಿಲ್ಲುವ ಜಾಗಗಳನ್ನು ಕ್ಯೂಜಿಐಎಸ್‌ನಲ್ಲಿ ಬೇರೆ ಪದರವಾಗಿ ಮಾಡಿ, ಸ್ಥಳೀಯ ಆಡಳಿತದ ಕಚೇರಿಗೆ ಮಕ್ಕಳ ಸಹಿಯ ಪತ್ರದೊಂದಿಗೆ ಕೊಡಿ, ಸ್ವೀಕೃತಿ ಪಡೆಯಿರಿ. ಜೊತೆಗೆ ಆ ಪ್ರದೇಶದ ಚರಂಡಿ ನಕ್ಷೆಯ ದತ್ತಾಂಶವನ್ನೂ ಕೇಳಿ, ಪಿಡಿಎಫ್ ಬೇಡ ಎಂದು ಮೊದಲೇ ಬರೆಯಿರಿ. ಅವರು ಏನು ಉತ್ತರ ಕೊಟ್ಟರು ಎಂದು ನನಗೆ ತಿಳಿಸಿ. ಕೊಡದಿದ್ದರೆ ನಿಮ್ಮ ಮಕ್ಕಳ ನಕ್ಷೆಯನ್ನೂ ಆ ಪತ್ರವನ್ನೂ ಈ ಪತ್ರಿಕೆಯಲ್ಲಿ ಅಕ್ಕಪಕ್ಕ ಅಚ್ಚು ಹಾಕುತ್ತೇನೆ.